‘ಧರ್ಮದೇಟು’ ಪದ ಕೈಬಿಡಿ, ಜಾತಿಯ ಹೆಸರಿನ ‘ಗ್ಯಾಂಗ್’ ಕೂಡ

ಸಂಪಾದಕರಿಗೆ,

ಮಾನ್ಯರೇ,

‘ಮಕ್ಕಳ ಕಳ್ಳನ ಶಂಕೆ: ಅಪರಿಚಿತನಿಗೆ ಧರ್ಮದೇಟು.’ ಕನ್ನಡ ಪತ್ರಿಕೆಗಳ ಜಿಲ್ಲಾ ಪುಟ ಓದುವವರಿಗೆ ಈ ಧಾಟಿಯ ತಲೆಬರಹ ಹೊಸದಲ್ಲ. ಐದೇ ಪದ, ಅದರಲ್ಲಿ ಮೂರು ತಪ್ಪು. ಯಾವ ಮಗುವೂ ಕಳೆದಿಲ್ಲದ ಊರಿನಲ್ಲಿ ‘ಮಕ್ಕಳ ಕಳ್ಳ’ ಎಂಬವನು ಎಲ್ಲಿಂದ ಬಂದ ಎಂಬುದು ಮೊದಲನೆಯದು. ಶಂಕೆಪಟ್ಟವರು ಯಾರು ಎಂದು ಹೇಳದೆ ಬಿಟ್ಟದ್ದು ಎರಡನೆಯದು. ಶಂಕೆ ಆಗ ಹೊಡೆದವರನ್ನು ಬಿಟ್ಟು ಹೊಡೆಸಿಕೊಂಡವನ ಕೊರಳಿಗೆ ಬೀಳುತ್ತದೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಪರಾಧವಾದದ್ದಕ್ಕೆ ನಮ್ಮ ಭಾಷೆಯಲ್ಲಿ ‘ಧರ್ಮ’ದ ಮುದ್ರೆ ಒತ್ತಿದ್ದೇವೆ. ಹೊಡೆದವರೇ ತಲೆಬರಹ ಬರೆದಿದ್ದರೂ ಇಷ್ಟು ಅನುಕೂಲವಾಗಿ ಬರೆಯುತ್ತಿರಲಿಲ್ಲ.

ಮಕ್ಕಳ ಕಳ್ಳರ ವದಂತಿಯ ಬಗ್ಗೆ ಮಾತು ಬಂದಾಗಲೆಲ್ಲ ವಾಟ್ಸ್‌ಆ್ಯಪ್ ಅನ್ನು ಬೈದು ಸುಮ್ಮನಾಗುವುದು ರೂಢಿಯಾಗಿದೆ. ವಾಟ್ಸ್‌ಆ್ಯಪ್‌ಗೆ ಬೈಗುಳ ಸಲ್ಲಬೇಕಾದ್ದೇ. ಆದರೆ ಫಾರ್ವರ್ಡ್ ಬಂದ ಸಂದೇಶ ನಿರ್ಧರಿಸುವುದು ಯಾವ ದಿನ ಎಂಬುದನ್ನು ಮಾತ್ರ. ಏಟು ಯಾರಿಗೆ ಬೀಳಬೇಕು ಎಂಬುದು ಬಹಳ ಹಿಂದೆಯೇ ನಿರ್ಧಾರವಾಗಿರುತ್ತದೆ. ‘ಊರೂರು ಅಲೆಯುವವರು ಹುಟ್ಟಾ ಕಳ್ಳರು’ ಎಂಬ ಹಳೆಯ ಸುಳ್ಳು ಆ ಕೆಲಸವನ್ನು ಮಾಡಿ ಮುಗಿಸಿದೆ. ಆ ಸುಳ್ಳನ್ನು ಇವತ್ತಿಗೂ ಜೀವಂತ ಇಟ್ಟಿರುವುದರಲ್ಲಿ ಪತ್ರಿಕೆಗಳ ಭಾಷೆಗೂ ಪಾಲಿದೆ. ಈ ಪತ್ರ ಅದರ ಬಗ್ಗೆ.

ಮೊದಲು 2018ನ್ನು ನೆನಪಿಸಿಕೊಳ್ಳೋಣ. ಆ ಬೇಸಿಗೆಯಲ್ಲಿ ಮೊಬೈಲಿನಿಂದ ಮೊಬೈಲಿಗೆ ಹಾರಿದ ವಿಡಿಯೊದಲ್ಲಿ ಇದ್ದದ್ದು ಇಷ್ಟು: ಓಣಿಯಲ್ಲಿ ಮಕ್ಕಳು ಕ್ರಿಕೆಟ್ ಆಡುತ್ತಿದ್ದಾರೆ, ಬೈಕಿನಲ್ಲಿ ಇಬ್ಬರು ಬರುತ್ತಾರೆ, ಹಿಂದೆ ಕೂತವನು ಒಂದು ಮಗುವನ್ನು ಎತ್ತಿಕೊಳ್ಳುತ್ತಾನೆ, ಬೈಕು ಮಾಯ. ಇದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ರಕ್ಷಣೆಗಾಗಿ ದುಡಿಯುವ ‘ರೋಶನಿ ಹೆಲ್ಪ್‌ಲೈನ್’ ಸಂಸ್ಥೆಗಾಗಿ ತಯಾರಾದ ಜಾಗೃತಿ ಚಿತ್ರ. ಮೂಲದಲ್ಲಿ ಬೈಕು ತಿರುಗಿ ಬರುತ್ತದೆ, ಮಗುವನ್ನು ಇಳಿಸುತ್ತದೆ, ಸವಾರ ಒಂದು ಫಲಕ ಬಿಡಿಸಿ ಹಿಡಿಯುತ್ತಾನೆ. ಕರಾಚಿಯ ಮಕ್ಕಳ ಬಗ್ಗೆ ಎಚ್ಚರವಿರಲಿ ಎಂಬುದು ಅದರ ತಾತ್ಪರ್ಯ. ಸುಳ್ಳು ಹಬ್ಬಿಸಿದವರು ಹೊಸದಾಗಿ ಏನನ್ನೂ ಸೃಷ್ಟಿಸಲಿಲ್ಲ. ಕೊನೆಯ ಭಾಗಕ್ಕೆ ಕತ್ತರಿ ಹಾಕಿ, ಮೇಲೆ ಸ್ಥಳೀಯ ಭಾಷೆಯ ಧ್ವನಿ ಕೂಡಿಸಿದರು, ಅಷ್ಟೆ. ಮಕ್ಕಳನ್ನು ಕಾಪಾಡಲೆಂದು ಮಾಡಿದ ಚಿತ್ರ ಹೀಗೆ ಜನರನ್ನು ಕೊಲ್ಲಲು ಬಳಕೆಯಾಯಿತು. ಅದೇ ವರ್ಷ ಓಡಾಡಿದ ಇನ್ನೊಂದು ಫೋಟೊ, ಸಾಲಾಗಿ ಮಲಗಿಸಿದ ಮಕ್ಕಳ ಶವಗಳದ್ದು. ‘ಕಿಡ್ನಿ ಕದ್ದಿದ್ದಾರೆ’ ಎಂಬ ಒಕ್ಕಣೆ ಹೊತ್ತಿದ್ದ ಅದು 2013ರಲ್ಲಿ ಸಿರಿಯಾದ ಘೌಟಾದಲ್ಲಿ ನಡೆದ ರಾಸಾಯನಿಕ ದಾಳಿಯ ಚಿತ್ರ.

ಕಿಡ್ನಿಯ ಮಾತು ಬಂದದ್ದರಿಂದ ಒಂದು ವಿಷಯ ಬಿಡಿಸಿ ಹೇಳಬೇಕು, ಏಕೆಂದರೆ ಓದಿದವರೂ ಇದನ್ನು ನಂಬುತ್ತಾರೆ. ಮೂತ್ರಪಿಂಡ ಕಸಿಗೆ ದಾನಿ ಮತ್ತು ರೋಗಿಯ ರಕ್ತದ ಗುಂಪು ಸಾಮಾನ್ಯವಾಗಿ ಹೊಂದಬೇಕು, ಎಚ್‌ಎಲ್‌ಎ (ಅಂಗಾಂಶ ಹೊಂದಾಣಿಕೆಯ) ಪರೀಕ್ಷೆ ಆಗಬೇಕು, ರೋಗಿಯ ರಕ್ತ ದಾನಿಯ ಜೀವಕೋಶಗಳನ್ನು ತಿರಸ್ಕರಿಸುತ್ತದೆಯೇ ಎಂದು ನೋಡುವ ಕ್ರಾಸ್‌ಮ್ಯಾಚ್ ಆಗಬೇಕು. ತೆಗೆದ ಅಂಗವನ್ನು ವಿಶೇಷ ದ್ರಾವಣದಲ್ಲಿ, ಮಂಜುಗಡ್ಡೆಯ ತಂಪಿನಲ್ಲಿ ಇಟ್ಟರೂ ಸಾಮಾನ್ಯವಾಗಿ 24ರಿಂದ 36 ಗಂಟೆಯೊಳಗೆ ಜೋಡಿಸಬೇಕು. ತೆಗೆಯಲು ಒಂದು, ಜೋಡಿಸಲು ಇನ್ನೊಂದು ಶಸ್ತ್ರಚಿಕಿತ್ಸಾ ತಂಡ, ಅರಿವಳಿಕೆ ತಜ್ಞರು, ಆಮೇಲೆ ಐಸಿಯು. ಕಿಡ್ನಿ ದಂಧೆ ಈ ದೇಶದಲ್ಲಿ ನಡೆದಿಲ್ಲವೆಂದಲ್ಲ. ಅದು ನಡೆದಾಗಲೆಲ್ಲ ದಲ್ಲಾಳಿ, ಆಸ್ಪತ್ರೆ, ಸುಳ್ಳು ದಾಖಲೆ, ಸಾಲದಲ್ಲಿ ಮುಳುಗಿದ ವಯಸ್ಕ ದಾನಿ ಕಾಣಸಿಗುತ್ತಾರೆ. ಯಾರದೋ ಅಂಗಳದಿಂದ ಎತ್ತಿ ಜೋಳಿಗೆಗೆ ಹಾಕಿಕೊಂಡ ಮಗುವಿನಿಂದ ಈ ವ್ಯವಹಾರ ಸಾಗುವುದಿಲ್ಲ.

ಆ ವಿಡಿಯೊ ಓಡಾಡಿದ ದಿನಗಳಲ್ಲಿ ಏನಾಯಿತು? ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿಕೊಂಡು ಬಂದಿದ್ದ ರಾಜಸ್ಥಾನದ 26 ವರ್ಷದ ಯುವಕನನ್ನು ಕಟ್ಟಿ, ಬಡಿದು, ಬೀದಿಯಲ್ಲಿ ಎಳೆದಾಡಿ ಕೊಂದರು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಐವರನ್ನು ಕೊಂದರು. ನಾಥಪಂಥಿ ಡವರಿ ಗೋಸಾವಿ ಎಂಬ ಅಲೆಮಾರಿ ಸಮುದಾಯದ ಇವರಲ್ಲಿ ಹೆಚ್ಚಿನವರು ನಮ್ಮ ವಿಜಯಪುರದ ಗಡಿಗೆ ಅಂಟಿಕೊಂಡ ಸೊಲ್ಲಾಪುರ ಜಿಲ್ಲೆಯವರು. ಭಿಕ್ಷಾಟನೆಗೆ ಹೋಗಿದ್ದರು. ಅಂದು ಭಾನುವಾರ, ಸಂತೆಯ ದಿನ. ಅವರಲ್ಲೊಬ್ಬ ಒಂದು ಹುಡುಗಿಯನ್ನು ಮಾತನಾಡಿಸಿದ್ದೇ ನೆಪವಾಯಿತು. ಗ್ರಾಮ ಪಂಚಾಯಿತಿಯ ಕೋಣೆಯೊಳಗೇ ಅವರ ಪ್ರಾಣ ಹೋಯಿತು. ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ 32 ವರ್ಷದ ಸಾಫ್ಟ್‌ವೇರ್ ಎಂಜಿನಿಯರ್ ಸತ್ತರು, ಜೊತೆಗಿದ್ದವರು ತೀವ್ರವಾಗಿ ಗಾಯಗೊಂಡರು. ಅವರ ತಂಡ ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತ್ತು. ಅಲ್ಲಿಂದ ಕಾರಿನಲ್ಲಿ ತಪ್ಪಿಸಿಕೊಂಡರೂ ಕಾರಿಗಿಂತ ಮುಂಚೆ ಸಂದೇಶ ಮುರ್ಕಿ ತಲುಪಿತ್ತು. ಬಿಡಿಸಲು ಹೋದ ಪೊಲೀಸರಿಗೂ ಏಟು ಬಿತ್ತು.

ಈ ಮೂರೂ ಕಡೆ ಸಮಾನವಾದ ಸಂಗತಿ ಒಂದಿದೆ. ಕಳೆದುಹೋದ ಮಗು ಎಲ್ಲೂ ಇರಲಿಲ್ಲ. ‘ಯಾರ ಮಗು? ಹೆಸರೇನು? ಯಾವ ಮನೆ?’ ಎಂಬ ಮೂರು ಪ್ರಶ್ನೆಗಳಿಗೆ ಗುಂಪಿನಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಚಾಕೊಲೇಟ್ ಕೊಟ್ಟ ಎಂಜಿನಿಯರ್‌ಗೂ ಗೋಸಾವಿಗಳಿಗೂ ಏನು ಸಂಬಂಧ ಎಂದು ಕೇಳಬಹುದು. ಪರ ಊರಿನವರು ಎಂಬುದೊಂದೇ. ಆದರೆ ಎಂಜಿನಿಯರ್ ಆ ಒಂದು ದಿನ ಮಾತ್ರ ಅಪರಿಚಿತ. ಬುಡಬುಡಿಕೆಯವರು, ದುರ್ಗಮುರಗಿಯವರು, ಸುಡುಗಾಡು ಸಿದ್ಧರು, ಕಿನ್ನರಿ ಜೋಗಿಗಳು, ದೊಂಬರು ವರ್ಷದ 365 ದಿನವೂ ಯಾವುದೋ ಊರಿಗೆ ಅಪರಿಚಿತರೇ. ಹೆಗಲಲ್ಲಿ ಜೋಳಿಗೆ, ಕಂಕುಳಲ್ಲಿ ಮಗು, ಮನೆ ಮನೆಯ ಬಾಗಿಲು, ಅರ್ಥವಾಗದ ಒಳಭಾಷೆ. ವದಂತಿಯಲ್ಲಿ ಬರುವ ಮಕ್ಕಳ ಕಳ್ಳರ ಚಹರೆಯೂ ಇದೇ. ‘ಅಳಬೇಡ, ಗೋಣಿಚೀಲದವನು ಹಿಡಕೊಂಡು ಹೋಗ್ತಾನೆ’ ಎಂದು ಹೆದರಿಸಿ ಮಕ್ಕಳಿಗೆ ಉಣ್ಣಿಸಿದ ನಾಡು ನಮ್ಮದು. ಸೇತುವೆ ನಿಲ್ಲಬೇಕಾದರೆ ಮಕ್ಕಳ ತಲೆ ಬೇಕಂತೆ ಎಂಬ ಗಾಳಿಮಾತು ವಾಟ್ಸ್‌ಆ್ಯಪ್ ಹುಟ್ಟುವ ಎಷ್ಟೋ ಮೊದಲೇ ಊರೂರು ಸುತ್ತಿದೆ. ವಿಚಿತ್ರವೆಂದರೆ, ಹೆಳವರು ಎತ್ತು ಕಟ್ಟಿಕೊಂಡು ಬಂದು ನಮ್ಮ ಮುತ್ತಜ್ಜನ ಹೆಸರಿನಿಂದ ವಂಶಾವಳಿ ಹೇಳುತ್ತಾರೆ. ನಮ್ಮ ಮನೆತನ ನಮಗಿಂತ ಚೆನ್ನಾಗಿ ಗೊತ್ತಿರುವವರೂ ನಮಗೆ ‘ಅಪರಿಚಿತ’ರೇ!

ಈ ಭಯ ಜನಪದದಲ್ಲಿ ಇತ್ತು, ನಿಜ. ಅದಕ್ಕೆ ಸರ್ಕಾರಿ ಮೊಹರು ಬಿದ್ದದ್ದು 1871ರಲ್ಲಿ. ಬ್ರಿಟಿಷರು ಆ ವರ್ಷ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮೊದಲು ಉತ್ತರ ಭಾರತದಲ್ಲಿ ಜಾರಿಯಾಯಿತು. 1911ರ ತಿದ್ದುಪಡಿ ಅದನ್ನು ಮದ್ರಾಸ್, ಮುಂಬೈ ಪ್ರಾಂತ್ಯಗಳಿಗೂ ಹಬ್ಬಿಸಿತು. ನೇಕಾರನ ಮಗ ನೇಯುತ್ತಾನೆ, ಬಡಗಿಯ ಮಗ ಮರ ಕೆತ್ತುತ್ತಾನೆ, ಆದ್ದರಿಂದ ಕಳ್ಳನ ಮಗ ಕದಿಯಲೇಬೇಕು, ಅದು ಅವನ ಕುಲಕಸುಬು ಎಂಬುದು ಅದರ ಹಿಂದಿನ ತರ್ಕ. ಜಾತಿಪದ್ಧತಿಯನ್ನು ಅರೆಬರೆ ತಿಳಿದುಕೊಂಡ ಅಧಿಕಾರಿಗಳ ಕೈಗೆ ಸಿಕ್ಕ ಈ ಮಾತು ಮುಂದೆ ಪೊಲೀಸ್ ಕೈಪಿಡಿಗಳಲ್ಲಿ ಜಾತಿಗೊಂದು ಅಧ್ಯಾಯವಾಗಿ ಬೆಳೆಯಿತು.

ನಿಜವಾದ ಚರಿತ್ರೆ ಬೇರೆಯೇ ಇದೆ. ಮದ್ರಾಸ್ ಪ್ರಾಂತ್ಯದ ಕೊರಮರು, ಕೊರಚರು ಕರಾವಳಿಯ ಉಪ್ಪನ್ನು ಕತ್ತೆ, ಎತ್ತುಗಳ ಮೇಲೆ ಹೇರಿಕೊಂಡು ಒಳನಾಡಿಗೆ ಒಯ್ಯುತ್ತಿದ್ದರು, ತಿರುಗಿ ಬರುವಾಗ ಧಾನ್ಯ ತರುತ್ತಿದ್ದರು. ಲಂಬಾಣಿಗಳ ಎತ್ತಿನ ಹೇರುಗಳು ದಂಡುಗಳಿಗೆ ದವಸ ಒದಗಿಸುತ್ತಿದ್ದವು. ಸರ್ಕಾರ ಉಪ್ಪನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡಿತು, ರೈಲು ಬಂತು, ಅರಣ್ಯ ಕಾನೂನು ಬಂದು ಮೇವು, ಬಿದಿರು, ಈಚಲು ಗರಿ ಎಲ್ಲಕ್ಕೂ ಬೇಲಿ ಬಿತ್ತು. ಎರಡು ಮೂರು ತಲೆಮಾರಿನಲ್ಲಿ ಕಸುಬು ಕಳೆದುಕೊಂಡ ಜನರನ್ನು ‘ಕೆಲಸವಿಲ್ಲದೆ ಅಲೆಯುವವರು’ ಎಂದು ದಾಖಲಿಸಿದ್ದು ಅದೇ ಸರ್ಕಾರ.

ಕಾಯ್ದೆ ಕೆಲಸ ಮಾಡಿದ ಬಗೆಯನ್ನು ಗಮನಿಸಿದರೆ ಸುಳ್ಳು ತನಗೆ ತಾನೇ ಸಾಕ್ಷಿ ಹುಟ್ಟಿಸಿಕೊಳ್ಳುವುದು ಹೇಗೆಂದು ತಿಳಿಯುತ್ತದೆ. ಒಂದು ಸಮುದಾಯವನ್ನು ಗೆಜೆಟ್ಟಿನಲ್ಲಿ ಅಪರಾಧಿ ಬುಡಕಟ್ಟು ಎಂದು ಘೋಷಿಸುತ್ತಾರೆ. ಆಮೇಲೆ ಹೆಸರು ನೋಂದಾಯಿಸಿ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಠಾಣೆಗೋ ಊರ ಪಟೇಲನಿಗೋ ಹಾಜರಿ ಹಾಕಬೇಕು, ಊರು ಬಿಡಬೇಕಾದರೆ ಪಾಸ್ ಪಡೆಯಬೇಕು. ಪಾಸ್ ಇಲ್ಲದೆ ಸಂತೆಗೆ ಹೋದರೂ ಅಪರಾಧ, ಹಾಜರಿ ತಪ್ಪಿದರೂ ಅಪರಾಧ. ಸುತ್ತಮುತ್ತ ಎಲ್ಲಿ ಕಳವಾದರೂ ಮೊದಲು ಎಳೆದು ತರುವುದು ಪಟ್ಟಿಯಲ್ಲಿದ್ದವರನ್ನು. ಹತ್ತು ವರ್ಷ ಕಳೆದ ಮೇಲೆ ಠಾಣೆಯ ಪುಸ್ತಕ ತೆರೆದರೆ ಇವರದ್ದೇ ಹೆಸರುಗಳು. ‘ನೋಡಿ, ಅಂಕಿ-ಅಂಶವೇ ಹೇಳುತ್ತಿದೆ!’ ಅಳತೆಗೋಲನ್ನು ಒಂದೇ ಮನೆಯ ಮುಂದೆ ಹಿಡಿದು ಊರಲ್ಲೆಲ್ಲ ಅದೇ ಮನೆ ಎತ್ತರ ಎಂದ ಹಾಗೆ. ಇವತ್ತು ‘ಆ ಸಮುದಾಯದವರ ಮೇಲೆ ಕೇಸು ಜಾಸ್ತಿ’ ಎನ್ನುವವರು, ಅದು ಯಾವ ಸಮುದಾಯವೇ ಇರಲಿ, ಹುಡುಕಾಟ ಎಲ್ಲಿ ಜಾಸ್ತಿ ನಡೆಯುತ್ತದೆ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳುವುದಿಲ್ಲ.

ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಈ ಕಾಯ್ದೆಯ ಅಡಿ ತಂತಿಬೇಲಿಯ ವಸತಿಗಳು ಎದ್ದವು. ಗಿರಣಿಗೆ, ರೈಲ್ವೆ ಕೆಲಸಕ್ಕೆ ಅಲ್ಲಿಂದ ಕೂಲಿಗಳು ಹೋದರು. ‘ಸೆಟ್ಲ್‌ಮೆಂಟ್’ ಎಂಬ ಬಡಾವಣೆಯ ಹೆಸರನ್ನು ಹುಬ್ಬಳ್ಳಿಯ ಆಟೊದವರು ದಿನಕ್ಕೆ ಹತ್ತು ಸಲ ಹೇಳುತ್ತಾರೆ. ಅದು ಏಕೆ ಆ ಹೆಸರು ಎಂದು ಕೇಳಿದರೆ ಹೇಳಬಲ್ಲವರು ಕಡಿಮೆ. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಇಂದಿಗೂ ‘ಗಂಟಿಚೋರ್’ ಎಂಬ ಹೆಸರಿದೆ. ಆ ಸಮುದಾಯದ ಮಗು ಶಾಲೆಗೆ ಸೇರುವಾಗ, ಜಾತಿ ಪ್ರಮಾಣಪತ್ರ ಪಡೆಯುವಾಗ, ಉದ್ಯೋಗದ ಸಂದರ್ಶನಕ್ಕೆ ಹೋಗುವಾಗ ಸರ್ಕಾರವೇ ಕೊಟ್ಟ ಕಾಗದದಲ್ಲಿ ‘ಚೋರ್’ ಎಂದಿರುತ್ತದೆ.

1952ರ ಆಗಸ್ಟ್ 31ರಂದು ಕೇಂದ್ರ ಸರ್ಕಾರ ಕಾಯ್ದೆಯನ್ನು ರದ್ದು ಮಾಡಿತು. ಅದಕ್ಕೇ ಇವರು ‘ವಿಮುಕ್ತ’ರು. ಬಿಡುಗಡೆ ಅರ್ಧದಷ್ಟೇ. ಪದೇ ಪದೇ ಶಿಕ್ಷೆಯಾದವರ ಮೇಲೆ ನಿಗಾ ಇಡುವ ರೂಢಿಗತ ಅಪರಾಧಿಗಳ ಕಾಯ್ದೆಗಳು ರಾಜ್ಯಗಳಲ್ಲಿ ಬಂದವು, ಕರ್ನಾಟಕದ್ದು 1961ರದ್ದು. ಕಾಗದದ ಮೇಲೆ ಅದು ಜಾತಿಯನ್ನು ಬಿಟ್ಟು ವ್ಯಕ್ತಿಯನ್ನು ನೋಡುತ್ತದೆ, ಆದರೆ ನೋಡುವ ಕಣ್ಣು ಬದಲಾಗಿರಲಿಲ್ಲ. ಜೈಲು ಕೈಪಿಡಿಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ, ವಿಮುಕ್ತ ಬುಡಕಟ್ಟಿನವರನ್ನು ಹುಟ್ಟಿನಿಂದಲೇ ರೂಢಿಗತ ಅಪರಾಧಿಗಳೆಂದು ಕಾಣುವ ನಿಯಮಗಳನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದು 2024ರ ಅಕ್ಟೋಬರ್ 3ರಂದು, ಪತ್ರಕರ್ತೆ ಸುಕನ್ಯಾ ಶಾಂತಾ ಅವರ ಪ್ರಕರಣದಲ್ಲಿ. ಕಾಯ್ದೆ ರದ್ದಾಗಿ 72 ವರ್ಷಗಳ ಮೇಲೆ!

ಪತ್ರಿಕೆಗಳ ಪಾಲು ಇಲ್ಲಿದೆ. ಕ್ರೈಂ ಪುಟದಲ್ಲಿ ಸಮುದಾಯಗಳ ಹೆಸರು ಹಿಡಿದು ‘ಪಾರ್ಧಿ ಗ್ಯಾಂಗ್’, ‘ಬವಾರಿಯಾ ಗ್ಯಾಂಗ್’, ‘ಇರಾನಿ ಗ್ಯಾಂಗ್’ ಎಂದು ಓದುತ್ತೇವೆ. ‘ಚಡ್ಡಿ ಗ್ಯಾಂಗ್’ ಎಂದರೆ ಅವರು ಏನು ಧರಿಸಿ ಬಂದರು ಎಂಬುದು ಗೊತ್ತಾಗುತ್ತದೆ, ಕದ ಹಾಕಿಕೊಳ್ಳುವವನಿಗೆ ಉಪಯೋಗವೂ ಇದೆ. ‘ಪಾರ್ಧಿ ಗ್ಯಾಂಗ್’ ಎಂದರೆ ಅವರು ಯಾವ ಹೊಟ್ಟೆಯಲ್ಲಿ ಹುಟ್ಟಿದರು ಎಂಬುದಷ್ಟೇ ಗೊತ್ತಾಗುತ್ತದೆ. ಬ್ಯಾಂಕಿಗೆ ಕೋಟಿಗಟ್ಟಲೆ ಪಂಗನಾಮ ಹಾಕಿದವರ ಜಾತಿಯ ಹೆಸರಿಗೆ ‘ಗ್ಯಾಂಗ್’ ಸೇರಿಸಿ ಯಾವ ಪತ್ರಿಕೆಯೂ ಬರೆದದ್ದಿಲ್ಲ. ಪೊಲೀಸ್ ಪ್ರಕಟಣೆಯಲ್ಲಿ ಹಾಗಿತ್ತು ಎಂಬುದು ವರದಿಗಾರರ ಉತ್ತರ. ಪ್ರಕಟಣೆಯಲ್ಲಿ ಇದ್ದುದನ್ನೆಲ್ಲ ಹಾಗೆಯೇ ಒತ್ತುವುದಾದರೆ ಸುದ್ದಿ ತಿದ್ದುವ ಡೆಸ್ಕ್ ಏಕೆ ಬೇಕು?

ಜನಾಂಗದ ಚಹರೆಯ ಮೇಲೆ ಸುಳ್ಳು ಬಿದ್ದರೆ ದೊಡ್ಡ ಗಲಭೆ ನಡೆಯದೆಯೂ ನಗರ ಹೇಗೆ ನಡುಗುತ್ತದೆ ಎಂಬುದನ್ನು ಬೆಂಗಳೂರು 2012ರ ಆಗಸ್ಟ್‌ನಲ್ಲಿ ಕಂಡಿದೆ. ಅಸ್ಸಾಮಿನ ಕೊಕ್ರಝಾರ್ ಹಿಂಸೆಯ ಬೆನ್ನಿಗೆ ‘ರಂಜಾನ್ ಮುಗಿದ ಮೇಲೆ ಈಶಾನ್ಯದವರ ಮೇಲೆ ದಾಳಿ’ ಎಂಬ ಎಸ್‌ಎಂಎಸ್‌ಗಳು, ಬೇರೆಲ್ಲಿಯದೋ ಚಿತ್ರಗಳನ್ನು ತಿರುಚಿದ ಎಂಎಂಎಸ್‌ಗಳು ಬಂದವು. ಆಗಸ್ಟ್ 15ರ ರಾತ್ರಿಯಿಂದ ಸಾವಿರಾರು ಜನ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು ಸಿಟಿ ರೈಲು ನಿಲ್ದಾಣಕ್ಕೆ ಧಾವಿಸಿದರು, ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಕೇಂದ್ರ ಸರ್ಕಾರ ದಿನಕ್ಕೆ ಐದೇ ಎಸ್‌ಎಂಎಸ್ ಎಂಬ ಮಿತಿ ಹೇರಿತು. ಒಂದೇ ಸುಳ್ಳು ಆಗ ಎರಡು ಸಮುದಾಯಗಳಿಗೆ ಹೊಡೆಯಿತು. ಈಶಾನ್ಯದವರು ಓಡಿದರು, ಯಾರಿಗೂ ಏನೂ ಮಾಡದ ಮುಸ್ಲಿಮರು ದಾಳಿಕೋರರೆನಿಸಿಕೊಂಡರು.

ಇನ್ನು ಮಾಡಬೇಕಾದ್ದು. ವಿಡಿಯೊ ಬಂದಾಗ ಪರೀಕ್ಷಿಸಲು ಮೊಬೈಲು ಮತ್ತು ಹತ್ತು ನಿಮಿಷ ಸಾಕು. ಮೊದಲು ಧ್ವನಿ ಮುಚ್ಚಿ ನೋಡಬೇಕು. ಇಂಥ ವಿಡಿಯೊಗಳಲ್ಲಿ ಚಿತ್ರಕ್ಕಿಂತ ಮೇಲೆ ಅಂಟಿಸಿದ ಧ್ವನಿಯೇ ಹೆಚ್ಚು ಸುಳ್ಳು ಹೇಳುತ್ತದೆ. ಧ್ವನಿ ಹೋದರೆ ಅರ್ಧ ಭಯವೂ ಹೋಗುತ್ತದೆ. ಆಮೇಲೆ ಮೂರು ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಯಬೇಕು. ಆರಂಭದಲ್ಲಿ ಒಂದು, ಅಂಗಡಿ ಫಲಕವೋ ವಾಹನದ ನಂಬರ್ ಪ್ಲೇಟೋ ಕಾಣುವಲ್ಲಿ ಒಂದು, ಕೊನೆಯ ಕ್ಷಣದಲ್ಲಿ ಒಂದು. ಗೂಗಲ್ ಲೆನ್ಸ್‌ಗೆ ಅವನ್ನು ಒಂದೊಂದಾಗಿ ಕೊಟ್ಟರೆ ಹಿಂದೆ ಎಲ್ಲೆಲ್ಲಿ ಬಂದಿತ್ತು ಎಂಬುದು ಬಹಳ ಸಲ ಸಿಗುತ್ತದೆ. ಲೆನ್ಸ್‌ಗೆ ಮುಖಗಳಿಗಿಂತ ಕಟ್ಟಡ, ಫಲಕ, ಗೋಡೆಬರಹ ಚೆನ್ನಾಗಿ ಸಿಗುತ್ತವೆ, ಹಾಗಾಗಿ ಅವಿರುವ ಚೌಕಟ್ಟನ್ನೇ ಆರಿಸಬೇಕು. ವಿಡಿಯೊ ಥಟ್ಟನೆ ಮುಗಿದರೆ, ಮಾತಿನ ನಡುವೆ ಅಥವಾ ಚಲನೆಯ ನಡುವೆ ಕತ್ತರಿಸಿದ್ದರೆ, ಉಳಿದದ್ದು ಎಲ್ಲಿದೆ ಎಂದು ಹುಡುಕಬೇಕು. ಕರಾಚಿಯ ಚಿತ್ರದ ಸತ್ಯವೆಲ್ಲ ಕತ್ತರಿಸಿದ ತುಂಡಿನಲ್ಲೇ ಇತ್ತು.

ಏನೂ ಸಿಗದಿದ್ದರೆ ಅದು ನಿಜ ಎಂದರ್ಥವಲ್ಲ. ಇಲ್ಲಿ ಬಹಳ ಮಂದಿ ಎಡವುತ್ತಾರೆ. ಆಗ ಠಾಣೆಗೆ ಫೋನ್ ಮಾಡಿ ‘ಈ ಊರಿನಲ್ಲಿ ಈ ದಿನ ಮಗು ಕಾಣೆಯಾದ ಎಫ್‌ಐಆರ್ ಇದೆಯೇ’ ಎಂದು ಕೇಳಬೇಕು. ಮಗು ಕಾಣೆಯಾದ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಹೀಗಾಗಿ ನಿಜವಾಗಿ ಮಗು ಕಳೆದಿದ್ದರೆ ಕಾಗದ ಇರಲೇಬೇಕು. ಊರ ಹೆಸರು, ದಿನಾಂಕ, ಠಾಣೆಯ ಹೆಸರು ಮೂರೂ ಇಲ್ಲದೆ ‘ನಮ್ಮ ಪಕ್ಕದ ಊರಲ್ಲಿ ನಿನ್ನೆ’ ಎಂದಷ್ಟೇ ಇರುವ ಸಂದೇಶ ಯಾವ ಊರಿಗೆ ಹೋದರೂ ಪಕ್ಕದ ಊರಿನದ್ದೇ ಆಗುತ್ತದೆ, ಯಾವ ದಿನ ಓದಿದರೂ ನಿನ್ನೆಯದೇ ಆಗುತ್ತದೆ.

ವಾಟ್ಸ್‌ಆ್ಯಪ್ 2018ರ ಜುಲೈನಲ್ಲಿ ಭಾರತದಲ್ಲಿ ಒಂದು ಸಲಕ್ಕೆ ಐದೇ ಕಡೆ ಫಾರ್ವರ್ಡ್ ಎಂಬ ಮಿತಿ ತಂದಿತು. 2020ರ ಏಪ್ರಿಲ್‌ನಿಂದ ಬಹಳ ಸಲ ಫಾರ್ವರ್ಡ್ ಆಗಿ ಜೋಡಿ ಬಾಣದ ಗುರುತು ಬಿದ್ದ ಸಂದೇಶ ಒಂದು ಸಲಕ್ಕೆ ಒಂದೇ ಕಡೆಗೆ ಹೋಗುತ್ತದೆ. ಒಳ್ಳೆಯದೇ. ಆದರೆ ವಿಡಿಯೊವನ್ನು ಗ್ಯಾಲರಿಗೆ ಇಳಿಸಿಕೊಂಡು ಹೊಸದಾಗಿ ಕಳುಹಿಸಿದರೆ ಬಾಣವೂ ಇಲ್ಲ, ಮಿತಿಯ ಲೆಕ್ಕವೂ ಮೊದಲಿನಿಂದ ಶುರು. ಬಾಣ ಇಲ್ಲವೆಂದು ನಂಬಬೇಡಿ. ಗುಂಪಿನ ಗರಿಷ್ಠ ಸದಸ್ಯರ ಸಂಖ್ಯೆ ಆಗ 256 ಇದ್ದದ್ದು ಈಗ 1,024. ಒಂದೇ ಒತ್ತಿಗೆ ಐದು ಗುಂಪು ಎಂದರೆ ಐದು ಸಾವಿರ ಜನ, ಒಂದು ದೊಡ್ಡ ಹಳ್ಳಿಯೇ ಸರಿ. ಗುಂಪಿನ ಅಡ್ಮಿನ್‌ಗೆ ಬೇರೆಯವರ ಸಂದೇಶವನ್ನೂ ಎಲ್ಲರಿಗೂ ಅಳಿಸುವ ಅವಕಾಶವಿದೆ. ವದಂತಿ ಹಬ್ಬಿದ ಎರಡು ಮೂರು ದಿನ ‘ಅಡ್ಮಿನ್ ಮಾತ್ರ ಸಂದೇಶ ಹಾಕಬಹುದು’ ಎಂಬ ಆಯ್ಕೆಯನ್ನು ಒತ್ತಿದರೆ ಊರಿನ ಗುಂಪು ತಣ್ಣಗಾಗುತ್ತದೆ.

ಸುಳ್ಳನ್ನು ಅಲ್ಲಗಳೆಯುವುದರಲ್ಲೇ ಹೆಚ್ಚು ಎಡವಟ್ಟಾಗುವುದು. ‘ಮಕ್ಕಳ ಕಳ್ಳರ ವದಂತಿ ನಂಬಬೇಡಿ, ಅಪರಿಚಿತರು ಕಂಡರೆ ಕೂಡಲೇ ತಿಳಿಸಿ’ ಎಂದು ಪ್ರಕಟಣೆ ಹೊರಡುತ್ತದೆ. ಮೊದಲರ್ಧ ಕಟ್ಟಿದ್ದನ್ನು ಎರಡನೆಯರ್ಧ ಕೆಡವುತ್ತದೆ. ಕೇಳಿದವನ ತಲೆಯಲ್ಲಿ ಉಳಿಯುವುದು ‘ಮಕ್ಕಳ ಕಳ್ಳರು, ಅಪರಿಚಿತರು’ ಎಂಬ ಎರಡೇ ಮಾತು. ಸರಿಯಾದ ಪ್ರಕಟಣೆ ನಿಜದಿಂದ ಶುರುವಾಗಬೇಕು: ‘ನಮ್ಮ ತಾಲ್ಲೂಕಿನಲ್ಲಿ ಈ ತಿಂಗಳು ಯಾವ ಮಗುವೂ ಅಪಹರಣವಾಗಿಲ್ಲ’. ನಂತರ ಆ ವಿಡಿಯೊ ಎಲ್ಲಿಯದು ಎಂಬುದು ಒಂದು ಸಾಲು. ಕೊನೆಗೆ ತುರ್ತು ಸಹಾಯದ 112 ಮತ್ತು ಮಕ್ಕಳ ಸಹಾಯವಾಣಿ 1098. ಸುಳ್ಳು ಚಿತ್ರವನ್ನು ತೋರಿಸಲೇಬೇಕಾದರೆ ‘ಸುಳ್ಳು’ ಎಂಬ ಮುದ್ರೆ ಚಿತ್ರದ ನಟ್ಟನಡುವೆ, ಮುಖಗಳ ಮೇಲೆ ಬೀಳಬೇಕು. ಮೂಲೆಯಲ್ಲಿ ಹಾಕಿದ್ದನ್ನು ಕತ್ತರಿಸಿ ಮತ್ತೆ ಹಬ್ಬಿಸುವುದು ಅರ್ಧ ನಿಮಿಷದ ಕೆಲಸ. ಓದು ಬಾರದವರಿಗೂ ತಲುಪಬೇಕಾದ್ದರಿಂದ ಆಡಿಯೊ ಬೇಕು, ಅದೂ ಮುಕ್ಕಾಲು ನಿಮಿಷ ಮೀರದಂತೆ, ಅಲ್ಲಿಯ ಮಾತಿನಲ್ಲಿ. ಬೀದರಿನ ಗಡಿಯಲ್ಲಿ ಬೆಂಗಳೂರಿನ ಪುಸ್ತಕಗನ್ನಡದ ಪ್ರಕಟಣೆ ನಡೆಯುವುದಿಲ್ಲ. ಊರಿಗೆ ಕನ್ನಡ, ಮರಾಠಿ, ದಖನಿ ಬೇಕು, ತಾಂಡಾಕ್ಕೆ ಲಂಬಾಣಿ ಬೇಕು.

ಹೇಳುವವರು ಯಾರು ಎಂಬುದೂ ಮುಖ್ಯ. ರಾಯಚೂರಿನ ಪಕ್ಕದ, ತೆಲಂಗಾಣದ ಜೋಗುಳಾಂಬಾ ಗದ್ವಾಲ ಜಿಲ್ಲೆಯಲ್ಲಿ 2018ರಲ್ಲಿ ಎಸ್‌ಪಿ ಆಗಿದ್ದ ರೆಮಾ ರಾಜೇಶ್ವರಿ ಅವರು ಹಳ್ಳಿಗೊಬ್ಬ ಪೊಲೀಸನನ್ನು ಹೊಣೆಗಾರನನ್ನಾಗಿಸಿ, ಡಂಗುರ ಸಾರಿಸಿ, ಜನಪದ ಹಾಡುಗಾರರನ್ನು ಬಳಸಿ ವದಂತಿಯನ್ನು ಎದುರಿಸಿದರು. ಆ ಪೊಲೀಸನ ಹೆಸರು, ಮುಖ, ಫೋನ್ ನಂಬರ್ ಊರಿಗೆ ಮೊದಲೇ ಗೊತ್ತಿತ್ತು. ಅಲ್ಲಿ ಅದು ಫಲಿಸಿತು. ಅದೇ ವರ್ಷ ಜೂನ್ 28ರಂದು ತ್ರಿಪುರಾದಲ್ಲಿ, ವದಂತಿ ನಂಬಬೇಡಿ ಎಂದು ಧ್ವನಿವರ್ಧಕದಲ್ಲಿ ಸಾರಲು ಸರ್ಕಾರವೇ ನೇಮಿಸಿದ್ದ ವ್ಯಕ್ತಿಯನ್ನು ಮಕ್ಕಳ ಕಳ್ಳನೆಂದು ಜನ ಕೊಂದರು. ಪರ ಊರಿನ ಧ್ವನಿಗೆ, ಅದು ಎಷ್ಟೇ ನಿಜ ಹೇಳಲಿ, ಅಂಥ ಹೊತ್ತಿನಲ್ಲಿ ಬೆಲೆಯಿಲ್ಲ. ಆಶಾ ಕಾರ್ಯಕರ್ತೆ, ಅಂಗನವಾಡಿ ಶಿಕ್ಷಕಿ, ಶಾಲೆಯ ಮೇಷ್ಟ್ರು, ಪೂಜಾರಿ, ಮುಲ್ಲಾ, ತಾಂಡಾದ ನಾಯಕ ಇವರ ಬಾಯಿಂದ ಬಂದರೆ ಕೇಳುತ್ತಾರೆ.

ಗುಂಪು ಸೇರಿಯೇ ಬಿಟ್ಟಿದ್ದರೆ, ಒಬ್ಬಿಬ್ಬರು ಮಾಡಬಹುದಾದದ್ದೂ ಇದೆ. ಮೊದಲು 112. ಆಮೇಲೆ ಗುಂಪಿನ ಹೊರಸುತ್ತಿನಲ್ಲಿ ಇರುವವರೊಂದಿಗೆ ಮಾತಾಡಬೇಕು. ನಡುವೆ ಹೊಡೆಯುತ್ತಿರುವವನಿಗೆ ಬುದ್ಧಿ ಹೇಳಹೋದರೆ ಏಟು ನಮಗೇ. ಹೊರಗಿನವರು ಕದಲಿದರೆ ಒಳಗಿನವನ ಧೈರ್ಯ ಇಳಿಯುತ್ತದೆ. ‘ಯಾರ ಮಗು?’ ಎಂದು ಹೆಸರು ಹಿಡಿದು ಪರಿಚಿತರನ್ನೇ ಕೇಳಬೇಕು. ಸಿಕ್ಕಿಬಿದ್ದವರನ್ನು ಕೋಣೆಗೆ ಸೇರಿಸಿದ ಮಾತ್ರಕ್ಕೆ ಸಾಲದು. ರಾಯಿನ್‌ಪಾಡಾದಲ್ಲಿ ಕೋಣೆಯೇ ಕೊಲೆಯ ಜಾಗವಾಯಿತು. ಬಾಗಿಲಲ್ಲಿ ಊರಿಗೆ ಬೇಕಾದ ಹಿರಿಯರು, ಅದರಲ್ಲೂ ಹೆಂಗಸರು ನಿಲ್ಲಬೇಕು, ಹಿಂಬಾಗಿಲಿದ್ದರೆ ವಾಹನ ಅಲ್ಲಿಗೇ ಬರಬೇಕು. ಅಲೆಮಾರಿ ಕುಟುಂಬಗಳು ಬಿಡಾರ ಹೂಡಿದ ದಿನವೇ ಗ್ರಾಮ ಪಂಚಾಯಿತಿಗೆ ಹೇಳಿ, ಪಂಚಾಯಿತಿಯವರು ಗ್ರಾಮದ ಗುಂಪಿನಲ್ಲಿ ‘ಇವರು ಇಂಥವರು, ಪ್ರತಿ ವರ್ಷ ಬರುವವರು’ ಎಂದು ಹಾಕಿದರೆ ಅನುಕೂಲ. ಆದರೆ ಅದು ಹಾಜರಿ ಪುಸ್ತಕವಾಗಬಾರದು. ಹೆಬ್ಬೆಟ್ಟು, ಆಧಾರ್ ನಕಲು, ಠಾಣೆಗೆ ಹೋಗಿ ಸಹಿ ಎಂದು ಶುರುವಾದರೆ 1871 ಮತ್ತೆ ಬಂದ ಹಾಗೆ.

ಕಾನೂನಿನ ಬಗ್ಗೆ ಎರಡು ಮಾತು. ಮುರ್ಕಿಯ ಕೊಲೆಯಾದ ನಾಲ್ಕನೇ ದಿನ, 2018ರ ಜುಲೈ 17ರಂದು, ತೆಹಸೀನ್ ಪೂನಾವಾಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗುಂಪುಹಲ್ಲೆ ತಡೆಯುವ ಹೊಣೆಗೆ ಪ್ರತಿ ಜಿಲ್ಲೆಯಲ್ಲಿ ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ನೋಡಲ್ ಅಧಿಕಾರಿ ಇರಬೇಕು, ವಿಚಾರಣೆ ಆದಷ್ಟು ಆರು ತಿಂಗಳಲ್ಲಿ ಮುಗಿಯಬೇಕು, ಸಂತ್ರಸ್ತರಿಗೆ ಪರಿಹಾರ ಯೋಜನೆ ಇರಬೇಕು ಎಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 103(2)ರಲ್ಲಿ ಗುಂಪುಹತ್ಯೆಗೆ ಪ್ರತ್ಯೇಕ ಉಲ್ಲೇಖ ಸಿಕ್ಕಿದೆ. ಐದು ಅಥವಾ ಹೆಚ್ಚು ಜನ ಸೇರಿ ಜನಾಂಗ, ಜಾತಿ, ಸಮುದಾಯ, ಲಿಂಗ, ಹುಟ್ಟಿದ ಸ್ಥಳ, ಭಾಷೆ, ನಂಬಿಕೆ ಅಥವಾ ಅಂಥದೇ ಬೇರೆ ಕಾರಣಕ್ಕೆ ಕೊಂದರೆ ಪ್ರತಿಯೊಬ್ಬರಿಗೂ ಮರಣದಂಡನೆ ಅಥವಾ ಜೀವಾವಧಿ. ಇಲ್ಲಿ ಸಂದು ಉಳಿದಿದೆ. ‘ಅವನ ಜಾತಿಗೆ ಹೊಡೆಯಲಿಲ್ಲ, ಮಕ್ಕಳ ಕಳ್ಳನೆಂದು ಹೊಡೆದೆವು’ ಎಂದು ಆರೋಪಿಗಳ ವಕೀಲರು ವಾದಿಸುತ್ತಾರೆ. ಅಲೆಮಾರಿಯನ್ನು ಕಂಡ ಕೂಡಲೇ ಕಳ್ಳನೆನಿಸಿದ್ದೇ ಜಾತಿಯಿಂದ ಎಂಬುದನ್ನು ತನಿಖಾಧಿಕಾರಿ ಮೊದಲ ದಿನದಿಂದ ದಾಖಲಿಸಬೇಕು: ಗುಂಪಿನಲ್ಲಿ ಕೂಗಿದ ಮಾತುಗಳೇನು, ವಾಟ್ಸ್‌ಆ್ಯಪ್ ಸಂದೇಶದ ಪದಗಳೇನು, ಆ ದಿನ ಊರಿಗೆ ಬಂದ ಬೇರೆ ಅಪರಿಚಿತರನ್ನು, ಗೊಬ್ಬರದ ಕಂಪನಿಯವರನ್ನೋ ಸಾಲ ವಸೂಲಿಗೆ ಬಂದವರನ್ನೋ, ಏಕೆ ಯಾರೂ ಮುಟ್ಟಲಿಲ್ಲ ಎಂಬುದನ್ನೆಲ್ಲ.

ನಿಮ್ಮ ಪತ್ರಿಕೆಯಿಂದ ನಾವು ಕೇಳುವುದು ಇವು. ‘ಧರ್ಮದೇಟು’, ‘ಗೂಸಾ’ ಎಂಬ ಪದಗಳನ್ನು ಡೆಸ್ಕಿನ ಪದಪಟ್ಟಿಯಿಂದ ತೆಗೆಯಿರಿ, ‘ಹಲ್ಲೆ’ ಎಂದು ಬರೆಯಿರಿ. ‘ಸುಳ್ಳು ವದಂತಿ ನಂಬಿ ಅಲೆಮಾರಿ ಮಹಿಳೆಯ ಮೇಲೆ ಹಲ್ಲೆ: 12 ಮಂದಿ ವಿರುದ್ಧ ಪ್ರಕರಣ’ ಎಂದರೆ ಕ್ರಿಯಾಪದ ಸರಿಯಾದವರ ಹೆಸರಿಗೆ ಸೇರುತ್ತದೆ. ಮಗು ಕಾಣೆಯಾದ ದೂರು ಇದೆಯೋ ಇಲ್ಲವೋ ಎಂಬುದನ್ನು ಠಾಣೆಯಲ್ಲಿ ಕೇಳಿ, ಉತ್ತರವನ್ನು ಮೊದಲ ಪ್ಯಾರಾದಲ್ಲೇ ಕೊಡಿ. ಆರೋಪಿಗಳ ಸಮುದಾಯದ ಹೆಸರು ಸುದ್ದಿಗೆ ಅನಿವಾರ್ಯವಲ್ಲದಿದ್ದರೆ ಬಿಡಿ, ‘ಗ್ಯಾಂಗ್’ ಜೊತೆಗಂತೂ ಬೇಡವೇ ಬೇಡ. ಹಲ್ಲೆಯ ವಿಡಿಯೊದ ತುಣುಕನ್ನು ಜಾಲತಾಣಕ್ಕೆ ಏರಿಸಬೇಡಿ. ನಿಮ್ಮ ಲಾಂಛನ ಹೊತ್ತ ಆ ತುಣುಕು ಮರುದಿನ ‘ಪೇಪರಿನಲ್ಲೂ ಬಂದಿದೆ’ ಎಂಬ ಸಾಕ್ಷಿಯಾಗಿ ಓಡಾಡುತ್ತದೆ. ತಪ್ಪು ವರದಿಯಾದರೆ ತಿದ್ದುಪಡಿ ಅದೇ ಪುಟದಲ್ಲಿ, ಅದೇ ಅಗಲದಲ್ಲಿ ಬರಲಿ. ಮೂರು ಕಾಲಂ ಸುಳ್ಳಿಗೆ ಒಳಪುಟದ ಎರಡು ಸಾಲಿನ ವಿಷಾದ ಮುಟ್ಟುವುದಿಲ್ಲ. ಜಿಲ್ಲಾ ಪುಟದ ವರದಿಗಾರರಿಗೆ ಇದನ್ನು ಒಂದು ಹಾಳೆಯ ಸೂಚನೆಯಾಗಿ ಕಳುಹಿಸಿದರೂ ಸಾಕು, ಇಷ್ಟಕ್ಕೆ ಹೊಸ ಸಿಬ್ಬಂದಿಯೂ ಬೇಡ, ಖರ್ಚೂ ಇಲ್ಲ. ಮುಂದಿನ ಆಗಸ್ಟ್ 31ಕ್ಕೆ, ಆ ಕಾಯ್ದೆ ರದ್ದಾದ ದಿನದಂದು, ಹುಬ್ಬಳ್ಳಿಯ ಸೆಟ್ಲ್‌ಮೆಂಟಿಗೆ ಒಬ್ಬ ವರದಿಗಾರರನ್ನು ಕಳುಹಿಸಿ, ಕ್ರೈಂ ಬೀಟಿನವರನ್ನೇ ಕಳುಹಿಸಿದರೆ ಇನ್ನೂ ಒಳ್ಳೆಯದು.

ಇಂತಿ,
ಅಲೆಮಾರಿ ಮತ್ತು ವಿಮುಕ್ತ ಸಮುದಾಯಗಳ ನಡುವೆ ಕೆಲಸ ಮಾಡುವ ಇಬ್ಬರು ಓದುಗರು
ವಿಜಯಪುರ